ನೊಬೆಲ್ ಬಂದವರು ಬರೆದ ಮಾತ್ರಕ್ಕೆ

ಯುವಾನ್ ಕ್ಯಾಮರಾನ್, ಲೈನಸ್ ಪೌಲಿಂಗ್ ಸೇರಿ 1979ರಲ್ಲಿ ತಂದ ‘ಕ್ಯಾನ್ಸರ್ ಅಂಡ್ ವಿಟಮಿನ್ ಸಿ’ ಪುಸ್ತಕದಲ್ಲಿ ಸಾಯುವವರ ಬಗ್ಗೆ ನಿಜವಾದ ಮರುಕವಿದೆ. ತೊಂದರೆ ಇರೋದು ಲೆಕ್ಕದಲ್ಲಿ. ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಪಡೆದ 100 ರೋಗಿಗಳನ್ನು ಹೋಲಿಸಿದ್ದು ಹಳೇ ಕಡತಗಳಲ್ಲಿದ್ದ 1000 ಜನರ ಜೊತೆ. ‘ಇನ್ನು ಚಿಕಿತ್ಸೆ ಫಲಿಸೋಲ್ಲ’ ಅಂತ ಯಾರ ವಿಷಯದಲ್ಲಿ ಎಷ್ಟು ಬೇಗ ಬರೆದರು ಅನ್ನೋದರ ಮೇಲೇ ಬದುಕಿದ ದಿನಗಳ ಎಣಿಕೆ ಏರುಪೇರಾಗುತ್ತೆ. ಅಮೆರಿಕದ ಮೇಯೊ ಕ್ಲಿನಿಕ್ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ವಿಟಮಿನ್, ಇನ್ನೊಂದಕ್ಕೆ ಬರೀ ಹುಸಿಗುಳಿಗೆ ಕೊಟ್ಟು ನೋಡಿತು. 1979, 1985, ಎರಡು ಸಲವೂ ಲಾಭ ಕಾಣಲಿಲ್ಲ. ಪೌಲಿಂಗ್ ಒಪ್ಪಲಿಲ್ಲ.

‘ವಿಟಮಿನ್ ತಾನೇ, ತಿಂದ್ರೆ ಏನಾಗುತ್ತೆ?’ ಅಂತೀರಾ? ಫಿನ್‌ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರೇ, ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು.

ಪೌಲಿಂಗ್‌ಗೆ ಎರಡು ನೊಬೆಲ್ ಬಂದದ್ದು ನಿಜ. ಒಂದು ರಸಾಯನಶಾಸ್ತ್ರಕ್ಕೆ, ಇನ್ನೊಂದು ಶಾಂತಿಗೆ. ವಿಟಮಿನ್ ಸಿಗಂತೂ ಅಲ್ಲ. ಪುಸ್ತಕ ಓದಿ, ಬೇಡ ಅನ್ನೋಲ್ಲ. ಆದರೆ ಮನೇಲಿ ಕ್ಯಾನ್ಸರ್ ರೋಗಿ ಇದ್ದರೆ, ಯಾರೋ ತಂದುಕೊಟ್ಟ ಗುಳಿಗೆ ಡಬ್ಬಿಯನ್ನು ಮೊದಲು ಡಾಕ್ಟರಿಗೆ ತೋರಿಸಿ.