ವಂಶಲಿಪಿಯ ಸಾಕ್ಷ್ಯ: ‘ಅರ್ಲಿ ಇಂಡಿಯನ್ಸ್’ ಗ್ರಂಥವಿಮರ್ಶೆ

ಭರತಖಂಡದ ಜನರು ಎಲ್ಲಿಂದ ಬಂದವರೆಂಬ ಪ್ರಶ್ನೆಗೆ ಹಿಂದೆ ವೇದ, ಭಾಷೆ, ಮಡಕೆ ಇವೇ ಸಾಕ್ಷಿಗಳಾಗಿದ್ದುವು. ಈಗ ಶರೀರವೇ ಸಾಕ್ಷಿಗೆ ನಿಂತಿದೆ. ಆ ಸಾಕ್ಷ್ಯವನ್ನು ಸಾಮಾನ್ಯ ವಾಚಕರ ಮುಂದಿಡಲೆಂದು ಪತ್ರಿಕೋದ್ಯೋಗಿಗಳಾದ ಟೋನಿ ಜೋಸೆಫರು 2018ರಲ್ಲಿ ಈ ಆಂಗ್ಲ ಗ್ರಂಥವನ್ನು ಪ್ರಕಟಿಸಿದರು.

ಗ್ರಂಥದ ಮೊದಲ ಭಾಗವು ಶ್ಲಾಘ್ಯವಾದುದು. ತಾಳೆಯೋಲೆಯನ್ನು ಪ್ರತಿಮಾಡುವಾಗ ಲಿಪಿಕಾರನು ಒಂದಕ್ಷರ ತಪ್ಪಿದರೆ ಆ ತಪ್ಪು ಅದರಿಂದ ಹುಟ್ಟಿದ ಪ್ರತಿಗಳಲ್ಲೆಲ್ಲ ಉಳಿಯುವುದು. ಆ ಪಾಠಭೇದವನ್ನು ಹಿಡಿದೇ ಯಾವ ಓಲೆಗೆ ಯಾವುದು ಮಾತೃಕೆಯೆಂದು ಪಂಡಿತರು ನಿರ್ಣಯಿಸುವರು. ಡಿ.ಎನ್.ಎ. ಎಂಬ ವಂಶಲಿಪಿಯ ವಾಚನವೂ ಹಾಗೆಯೇ. ತಾಯಿಯಿಂದ ಮಾತ್ರ ಬರುವ ಮೈಟೋಕಾಂಡ್ರಿಯದ ಲಿಪಿ, ತಂದೆಯಿಂದ ಮಗನಿಗಿಳಿಯುವ ವೈ ವರ್ಣತಂತು, ಇವುಗಳ ಪಾಠಭೇದಗಳಿಂದ ಆಫ್ರಿಕದಿಂದ ಹೊರಟ ಮಾನವರು ಸುಮಾರು 65,000 ವರ್ಷಗಳ ಹಿಂದೆ ಇಲ್ಲಿಗೆ ಬಂದ ಬಗೆಯನ್ನು ಗ್ರಂಥಕಾರರು ವಿಶದಪಡಿಸಿದ್ದಾರೆ.

ಕೃಷಿಕರ ಪ್ರಕರಣವು ಅಷ್ಟು ದೃಢವಾಗಿಲ್ಲ. ಇರಾನಿನ ಜಾಗ್ರೋಸ್ ಪರ್ವತಪ್ರಾಂತದಿಂದ ಬಂದವರು ಇಲ್ಲಿಯ ಮೊದಲಿಗರೊಡನೆ ಬೆರೆತು ಹರಪ್ಪದ ನಾಗರಿಕತೆಗೆ ಕಾರಣರಾದರೆಂದು ಅಲ್ಲಿ ಹೇಳಿದೆ. ಮರುವರ್ಷವೇ, 2019ರಲ್ಲಿ, ಹರಿಯಾಣದ ರಾಖೀಗಢಿಯ ಸ್ಮಶಾನದಲ್ಲಿ ದೊರೆತ ಸ್ತ್ರೀಯೊಬ್ಬಳ ವಂಶಲಿಪಿ ಪ್ರಕಟವಾಯಿತು. 61 ಅಸ್ಥಿಮಾದರಿಗಳನ್ನು ಶೋಧಿಸಿದರೂ ಓದಲು ಸಾಧ್ಯವಾದುದು ಇದೊಂದೇ. ಈ ದೇಶದ ಸೆಕೆಯಲ್ಲಿ ಓಲೆ ಬಾಳುವುದೇ ದುರ್ಲಭ; ಎಲುಬಿನ ಲಿಪಿಯ ಮಾತೇನು! ಆಕೆಯಲ್ಲಿದ್ದ ಇರಾನೀ ಸಂಬಂಧದ ವಂಶವು ಇರಾನಿನ ಕೃಷಿಕರ ವಂಶದಿಂದ, ಬೇಸಾಯ ಹುಟ್ಟುವುದಕ್ಕೂ ಮುಂಚೆ, 12,000 ವರ್ಷಗಳಿಗೂ ಹಿಂದೆ ಕವಲೊಡೆದಿತ್ತೆಂದು ತಿಳಿದುಬಂತು. ಆದಕಾರಣ ಬೇಸಾಯವನ್ನು ಆ ಕೃಷಿಕರೇ ವಲಸೆಬಂದು ತಂದರೆಂಬ ಪಕ್ಷವು ದುರ್ಬಲವಾಯಿತು. ವಿದ್ಯೆಯನ್ನು ನೆರೆಯವರಿಂದ ಕಲಿಯಬಹುದು, ಅದು ಇಲ್ಲಿಯೇ ಹುಟ್ಟಲೂಬಹುದು. ರಕ್ತದೊಡನೆಯೇ ಬರಬೇಕೆಂಬ ನಿಯಮವಿಲ್ಲ.

ಇದೇ ಅಸ್ಥಿಯನ್ನು ಹಿಡಿದು ಆರ್ಯರ ಪ್ರಕರಣವನ್ನೂ ಖಂಡಿಸಿದವರುಂಟು. ಆಕೆಯಲ್ಲಿ ಮಧ್ಯ ಏಷ್ಯದ ಹುಲ್ಲುಗಾವಲಿನ ಪಶುಪಾಲಕರ ಕುರುಹಿಲ್ಲ, ಆದುದರಿಂದ ಆರ್ಯರು ಹೊರಗಿನಿಂದ ಬಂದವರಲ್ಲವೆಂಬುದು ಅವರ ವಾದ. ಇದು ಹೇತ್ವಾಭಾಸವಲ್ಲದೆ ಮತ್ತೇನೂ ಅಲ್ಲ. ಆಕೆ ಬದುಕಿದ್ದುದು ಕ್ರಿ.ಪೂ. 2000ಕ್ಕೆ ಹಿಂದೆ, ಆ ಪಶುಪಾಲಕರ ವಂಶವು ಇಲ್ಲಿಗಿಳಿದುದು ಕ್ರಿ.ಪೂ. 2000ದಿಂದ 1500ರೊಳಗೆಂದು ಅದೇ ವರ್ಷ ಪ್ರಕಟವಾದ, 523 ಪ್ರಾಚೀನರ ವಂಶಲಿಪಿಯನ್ನು ಪರಿಶೀಲಿಸಿದ ಮತ್ತೊಂದು ಲೇಖವು ತೋರಿಸಿತು. ಸಂಜೆಗೆ ಬರುವ ಅತಿಥಿಯನ್ನು ಬೆಳಿಗ್ಗೆ ಹುಡುಕಿ, ಕಾಣದೆ, ಅವನು ಬರಲೇ ಇಲ್ಲವೆಂದು ಸಾಧಿಸಿದಂತಾಯಿತು.

ಆದರೂ ಆ ಪಶುಪಾಲಕರು ಆಡಿದ ಭಾಷೆ ಯಾವುದೆಂಬುದನ್ನು ಎಲುಬು ಹೇಳದು. ಅದು ಭಾಷಾಶಾಸ್ತ್ರದಿಂದ ಬರಬೇಕಾದ ಅನುಮಾನ. ಎರಡು ಪ್ರಮಾಣಗಳನ್ನು ಗ್ರಂಥಕಾರರು ಜೋಡಿಸಿದುದು ಯುಕ್ತವೇ. ಬೆಸುಗೆಯ ಸ್ಥಳವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಬೇಕಾಗಿತ್ತು. ಭಾರತೀಯರನ್ನು ಪಿಟ್ಸಾ ಎಂಬ ಇಟಲಿಯ ತಿನಿಸಿಗೆ ಹೋಲಿಸಿದುದಂತೂ ಒಪ್ಪತಕ್ಕದ್ದಲ್ಲ. ಅದರ ಪದರುಗಳನ್ನು ಬೇರ್ಪಡಿಸಬಹುದು. ಹುಳಿಯಲ್ಲಿ ಕರಗಿದ ಬೇಳೆಯನ್ನು ಬೇರ್ಪಡಿಸುವರಾರು?