ಬಂಜೆ, ಕ್ಲೀಬ, ಬೀಜ: ಒಂದು ಶಬ್ದವಿಮರ್ಶೆ

‘ಬಂಜೆ’ ಎಂಬುದು ಸಂಸ್ಕೃತದ ‘ವಂಧ್ಯಾ’ ಶಬ್ದದ ತದ್ಭವವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಮೂಲಶಬ್ದವು ಪುಲ್ಲಿಂಗದಲ್ಲಿಯೂ ಸಲ್ಲುವುದು. ಅಮರಸಿಂಹನು ಫಲವಿಲ್ಲದ ಮರಕ್ಕೆ ಅದನ್ನು ಹಾಗೆಯೇ ಹೇಳಿರುವನು. ಕನ್ನಡದ ಬಳಕೆಯಲ್ಲಿ ನೆಲೆಗೊಂಡುದು ಸ್ತ್ರೀವಾಚಕವಾದ ರೂಪವೊಂದೇ. ಮಕ್ಕಳಾಗದ ಹೆಂಗಸಿಗೆ ನಮ್ಮಲ್ಲಿ ಹೆಸರುಂಟು; ಮಕ್ಕಳಾಗದ ಗಂಡಸಿಗೆ ಹೆಸರಿಲ್ಲ. ಷಂಡ, ಕ್ಲೀಬ, ನಪುಂಸಕ ಎಂಬವು ಇವೆಯಲ್ಲಾ ಎಂದರೆ, ಅವು ಪುಂಸ್ತ್ವದ ಅಭಾವವನ್ನು ಹೇಳತಕ್ಕವೇ ಹೊರತು ಬೀಜದ ದೋಷವನ್ನು ಹೇಳತಕ್ಕವಲ್ಲ. ಇದು ಕೇವಲ ನಿಘಂಟಿನ ಕೊರತೆಯೋ, ವಿಚಾರದ ಕೊರತೆಯೋ ಎಂಬುದು ಪ್ರಕೃತ ಪ್ರಶ್ನೆ.

ಶಾಸ್ತ್ರಕಾರರು ಈ ವಿಚಾರವನ್ನು ಅರಿಯದವರಲ್ಲ. ಸುಶ್ರುತನು ಶಾರೀರಸ್ಥಾನದ ಎರಡನೆಯ ಅಧ್ಯಾಯವನ್ನು ಶುಕ್ರದೋಷಗಳಿಂದಲೇ ಆರಂಭಿಸಿ, ದುಷ್ಟವಾದ ಶುಕ್ರವು ಪ್ರಜೋತ್ಪಾದನೆಗೆ ಸಮರ್ಥವಲ್ಲವೆಂದು ನಿರ್ಣಯಿಸುವನು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬೀಜೋಪಘಾತ, ಧ್ವಜಭಂಗ, ಜರೆ, ಶುಕ್ರಕ್ಷಯ ಎಂದು ಕ್ಲೈಬ್ಯವು ನಾಲ್ಕು ಬಗೆಯಾಗಿದೆ. ಬೀಜದ ಕೇಡು ಬೇರೆ, ಶಕ್ತಿಯ ಕೇಡು ಬೇರೆ ಎಂಬ ಸೂಕ್ಷ್ಮವು ಇಲ್ಲಿ ಕಾಣುವುದು. ಆದರೆ ನಾಲ್ಕಕ್ಕೂ ಕ್ಲೈಬ್ಯವೆಂಬ ಒಂದೇ ಹೆಸರು ಸಂದಿತು. ಬೀಜೋಪಘಾತದ ಲಕ್ಷಣಗಳಲ್ಲಿ ಹರ್ಷದ ಅಲ್ಪತೆಯೂ ಸೇರಿಕೊಂಡಿತು. ಭೇದವನ್ನು ಕಂಡ ಶಾಸ್ತ್ರವೇ ಅದನ್ನು ಪೂರ್ಣವಾಗಿ ಬಿಡಿಸದೆ ಹೋಯಿತು.

ಈ ಭೇದವನ್ನು ಅರಿಯಲು ನಮ್ಮ ಒಕ್ಕಲಿಗರಿಗೆ ಗ್ರಂಥವು ಬೇಕಾಗಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯು ಅಮೃತಮಹಲ್ ಕಾವಲುಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ದನಗಳೇ ಮುಂದೆ ಟೀಪುವಿನಿಂದ ಈ ಹೆಸರನ್ನು ಪಡೆದವು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿದೆ. ಹಲವು ಹಸುಗಳು ಒಟ್ಟಿಗೆ ಗಬ್ಬವಾಗದೆ ಹೋದರೆ ದನ ಸಾಕುವವನು ಹಸುಗಳನ್ನೆಲ್ಲ ಗೊಡ್ಡೆಂದು ಜರೆಯನು; ಬೀಜದ ಹೋರಿಯನ್ನು ಬದಲಾಯಿಸುವನು. 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಸಂಪತ್ ಕುಮಾರನ್ ಎಂಬವರು ಭಾರತದಲ್ಲಿ ಮೊದಲನೆಯದೆಂದು ಗಣಿತವಾದ ಕೃತಕ ಗರ್ಭಧಾರಣೆಯನ್ನು ನಡೆಯಿಸಿದರು. ಅಂದಿನಿಂದ ಹೋರಿಯ ಬೀಜವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ನಮ್ಮಲ್ಲಿ ವಾಡಿಕೆಯಾಗುತ್ತ ಬಂದಿತು. ಕೊಟ್ಟಿಗೆಯಲ್ಲಿ ಸಲ್ಲುವ ಈ ನ್ಯಾಯವು ಮನೆಯೊಳಗೆ ಸಲ್ಲದೆ ಹೋದುದೇ ವಿಷಾದದ ಸಂಗತಿ.

ಶಾಸ್ತ್ರವು ಅರ್ಧಕ್ಕೆ ಬಿಟ್ಟ ಗಂಟನ್ನು ಬಿಡಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಆರ್. ಮೌದ್ಗಲ್ ಅವರನ್ನು ಹೆಸರಿಸಬೇಕು. ಶಿರಸ್ಸಿನ ಪಿಟ್ಯುಟರಿ ಗ್ರಂಥಿಯಿಂದ ಒಸರುವ ಎಫ್.ಎಸ್.ಎಚ್. ಎಂಬ ಹಾರ್ಮೋನು ಗಂಡಿನಲ್ಲಿ ಏನು ಮಾಡುವುದೆಂಬುದು ಅವರ ಪ್ರಶ್ನೆ. ಕುರಿಯಿಂದ ತೆಗೆದ ಆ ದ್ರವ್ಯವನ್ನೇ ಲಸಿಕೆಯಾಗಿ ಗಂಡುಕೋತಿಗಳಿಗೆ ಕೊಟ್ಟು, ಅವುಗಳ ಶರೀರವೇ ಅದನ್ನು ತಡೆಯುವಂತೆ ಮಾಡಿದರು. ಬೀಜಾಣುಗಳು ಕುಗ್ಗಿದವು, ಸಂತಾನಶಕ್ತಿಯು ಕುಂದಿತು. ಪುಂಸ್ತ್ವಕ್ಕೆ ಆಧಾರವಾದ ಟೆಸ್ಟೋಸ್ಟಿರೋನು ಮಾತ್ರ ಕುಂದಲಿಲ್ಲ. 1997ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಕೆಲವರು ಸ್ವಯಂಸೇವಕರಲ್ಲಿಯೂ ಇಂಥದೇ ಫಲವನ್ನು ವರದಿಮಾಡಿದರು. ಇದಕ್ಕೆ ಪೂರ್ವಪಕ್ಷವೂ ಉಂಟು. ಅದೇ ವರ್ಷ ಫಿನ್ಲೆಂಡಿನ ಸಂಶೋಧಕರು, ಈ ಹಾರ್ಮೋನನ್ನು ಗ್ರಹಿಸುವ ಶಕ್ತಿಯು ಹುಟ್ಟಿನಿಂದಲೇ ಕೆಟ್ಟಿದ್ದ ಪುರುಷರಲ್ಲಿ ಕೆಲವರಿಗೆ ಮಕ್ಕಳಾಗಿದ್ದುದನ್ನು ತೋರಿಸಿದರು. ಆದಕಾರಣ ಹಾರ್ಮೋನಿನ ಅನಿವಾರ್ಯತೆಯು ವಿವಾದಕ್ಕೆ ಒಳಗಾಯಿತು. ಆದರೆ ನಮಗೆ ಬೇಕಾದ ಅಂಶವು ಇದರಿಂದ ಕೆಡಲಿಲ್ಲ: ಪುಂಸ್ತ್ವವು ಅಕ್ಷತವಾಗಿದ್ದರೂ ಬೀಜವು ಕ್ಷೀಣವಾಗಬಹುದು.

ಸಾಹಿತ್ಯವು ಈ ವಿಷಯದಲ್ಲಿ ಏನು ಮಾಡಿದೆ? 1965ರಲ್ಲಿ ಹೊರಬಂದ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದಲ್ಲಿ, ವಂಶಧರ್ಮಕ್ಕೆ ಬಾಳನ್ನೇ ಮುಡಿಪಿಟ್ಟ ಶ್ರೀನಿವಾಸ ಶ್ರೋತ್ರಿಯರು ತಾವೇ ಆ ವಂಶದ ಬೀಜವಲ್ಲವೆಂದು ಕೊನೆಗೆ ಅರಿಯುವರು. ಕಥೆಯ ತಿರುಗಣಿಯೇ ಪುರುಷನ ಬೀಜದ ಪ್ರಶ್ನೆ. ವಂಶವೆಂಬ ಭಾವನೆಯ ಬುಡವನ್ನೇ ಅಲುಗಿಸಿದ ಧೈರ್ಯವು ಸ್ತುತ್ಯವಾದುದು. ಆದರೂ ಅಲ್ಲಿ ಶೋಧನೆಯಾಗುವುದು ಮಗನ ಧರ್ಮಸಂಕಟ. ಮನೆತನದ ಹಟಕ್ಕೆ ಮೈಯನ್ನು ತೆತ್ತ ತಾಯಿಯ ಮನಸ್ಸು ಮರೆಯಲ್ಲಿಯೇ ಉಳಿಯುವುದು. ಹೆಸರಿಲ್ಲದ ದೋಷದ ಭಾರವನ್ನು ಅಲ್ಲಿಯೂ ಹೆಣ್ಣೇ ಹೊತ್ತಿರುವಳು.

ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ದೋಷವೂ ಸೇರಿರುವುದೆಂದು ಇಂದಿನ ವೈದ್ಯರು ಹೇಳುವರು. ಅದನ್ನು ತಿಳಿಯುವ ಮೊದಲ ಪರೀಕ್ಷೆಯು ಸುಲಭವಾದುದು. ಅದಕ್ಕೆ ಒಪ್ಪುವ ಗಂಡಸು ದುರ್ಲಭ. ಷಂಡನೆಂಬ ಒಂದೇ ಹೆಸರು ಕಾದಿರುವಾಗ ಅವನು ಹೇಗೆ ಒಪ್ಪಿಯಾನು? ಅವನು ಒಪ್ಪದಿರುವಷ್ಟು ದಿನವೂ ಹೆಂಡತಿಯು ಬಂಜೆಯೆನಿಸಿಕೊಳ್ಳುವಳು. ಎರಡನೆಯ ಮದುವೆಯ ಮಾತೂ ಏಳುವುದು. ಈಗಿನ ಪತ್ರಿಕೆಗಳ ‘ಪುರುಷ ಬಂಜೆತನ’ವು ಹೆಂಗಸಿನ ಬೈಗುಳನ್ನು ಗಂಡಸಿಗೂ ಹಂಚುವುದೇ ಹೊರತು ದೋಷದ ಸ್ವರೂಪವನ್ನು ತಿಳಿಸದು. ಇದಕ್ಕೆ ಬದಲಾಗಿ ‘ಬೀಜದೋಷ’ವೆಂಬ ಮಾತನ್ನು ಬಳಸಬಹುದೆಂದು ತೋರುತ್ತದೆ. ಬೀಜವೆಂಬುದು ಚರಕನ ಮಾತು. ಅಜ್ಜಂಪುರದ ಗೋವಳನ ಮಾತೂ ಹೌದು. ಜ್ವರದ ಹೆಸರಿನಂತೆ ಅದು ರೋಗವನ್ನು ಹೇಳುವುದು, ಮನುಷ್ಯನನ್ನು ಹಳಿಯದು. ನಿಘಂಟುಕಾರರೂ ಉಪಾಧ್ಯಾಯರೂ ಇದರ ಯುಕ್ತಾಯುಕ್ತತೆಯನ್ನು ಪರಿಶೀಲಿಸಬೇಕೆಂದು ಪ್ರಾರ್ಥನೆ.