ಚಿತ್ರ ನೋಡುವವರ ಪದಕೋಶ

ಚಿತ್ರಪ್ರದರ್ಶನವೊಂದರ ವಿಮರ್ಶೆ ಪತ್ರಿಕೆಯಲ್ಲಿ ಬಂದಾಗ ಕೆಲವು ಮಾತುಗಳು ಅದರಲ್ಲಿ ತಪ್ಪದೆ ಇರುತ್ತವೆ: ರೇಖೆ ಲಯಬದ್ಧವಾಗಿದೆ, ವರ್ಣಸಂಯೋಜನೆ ಮನೋಹರವಾಗಿದೆ, ಕಲಾವಿದರು ಸಮತೋಲವನ್ನು ಸಾಧಿಸಿದ್ದಾರೆ. ಈ ಮೂರು ವಾಕ್ಯಗಳನ್ನು ಕತ್ತರಿಸಿ ಮುಂದಿನ ವಾರ ಇನ್ನೊಬ್ಬ ಕಲಾವಿದರ ವಿಮರ್ಶೆಗೆ ಅಂಟಿಸಿದರೂ ಯಾರಿಗೂ ಗೊತ್ತಾಗಲಾರದು. ಎಲ್ಲ ಚಿತ್ರಗಳಿಗೂ ಒಪ್ಪುವ ಮಾತು ಯಾವ ಚಿತ್ರವನ್ನೂ ಕುರಿತು ಏನನ್ನೂ ಹೇಳುವುದಿಲ್ಲ. ಇದರಿಂದ ಓದುಗನಿಗಾಗುವ ನಷ್ಟ ಸಣ್ಣದಲ್ಲ. ಚಿತ್ರ ನೋಡುವುದಕ್ಕೆ ಏನೋ ದೊಡ್ಡ ವಿದ್ಯೆ ಬೇಕು, ಅದು ತನಗಿಲ್ಲ ಎಂದುಕೊಂಡು ಅವನು ಚೌಕಟ್ಟಿನ ಕೆಳಗಿನ ಹೆಸರನ್ನೂ ಬೆಲೆಯನ್ನೂ ಓದಿ ಹೊರಗೆ ಬಂದುಬಿಡುತ್ತಾನೆ. ತನ್ನ ಕಣ್ಣಿನ ಮೇಲೆಯೇ ಅವನಿಗೆ ನಂಬಿಕೆ ತಪ್ಪುತ್ತದೆ.

ರೇಖೆ, ಆಕಾರ, ವರ್ಣ, ಛಾಯೆ, ಸಮತೋಲ, ಲಯ ಇವೆಲ್ಲ ಚಿತ್ರಕಲೆಯ ಬಾಲಬೋಧೆಯ ಪಾಠಗಳು. ಪಟ್ಟಿಮಾಡಿ ಕಂಠಪಾಠ ಮಾಡಿಸಿದರೆ ಇವು ಪರೀಕ್ಷೆಗೆ ಒದಗುತ್ತವೆ. ಚಿತ್ರದ ಮುಂದೆ ನಿಂತಾಗ ಒದಗುವುದಿಲ್ಲ. ಪದವೊಂದು ಜೀವಂತವಾಗಿದೆಯೆ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಅದು ಕಣ್ಣನ್ನು ಕೈಹಿಡಿದು ಚಿತ್ರದ ಒಂದು ಜಾಗಕ್ಕೆ ಕರೆದೊಯ್ಯುತ್ತದೆಯೆ?

ಅಂಥ ಪದಗಳು ಎಲ್ಲಿವೆ ಎಂದು ಹುಡುಕುವವರು ಮೊದಲು ಅಂಗಳವನ್ನು ನೋಡಬೇಕು. ಪ್ರದರ್ಶನಗಳ ದಾರಿಯಿಂದ ದೂರವಾದ ಬಯಲುಸೀಮೆಯ ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ಅಲ್ಲಿಯೇ ಆಗಲಿ, ಬೆಂಗಳೂರಿನ ಬಸವನಗುಡಿಯಲ್ಲೇ ಆಗಲಿ, ರಂಗೋಲಿ ಹಾಕುವ ಹೆಣ್ಣುಮಕ್ಕಳಿಗೆ ‘7ರಿಂದ 4, ಸಂದು ಚುಕ್ಕಿ’ ಎಂದರೆ ಸಾಕು, ಮತ್ತೇನೂ ಹೇಳಬೇಕಾಗಿಲ್ಲ. ನಡುವಿನ ಸಾಲಿನಲ್ಲಿ 7 ಚುಕ್ಕಿ. ಎರಡು ಕಡೆಗೂ 6, 5, 4, ಹಿಂದಿನ ಸಾಲಿನ ಸಂದುಗಳಿಗೆ ಎದುರಾಗಿ. ಒಟ್ಟು 37 ಚುಕ್ಕಿ. ಹೊರ ಆಕಾರ ಆರು ಮೂಲೆಯದು. ಅದರಿಂದ ಆರೆಸಳಿನ ಹೂವು, ಆರು ಮೊನೆಯ ನಕ್ಷತ್ರ ಸುಲಭವಾಗಿ ಅರಳುತ್ತವೆ. ‘7ರಿಂದ 1, ನೇರ ಚುಕ್ಕಿ’ ಎಂದರೆ ಚುಕ್ಕಿಗಳು ಒಂದರ ನೇರಕ್ಕೆ ಒಂದು ನಿಂತು 7, 5, 3, 1 ಎಂದು ಇಳಿಯುತ್ತವೆ. ಒಟ್ಟು 25, ಆಕಾರ ನಾಲ್ಕು ಮೂಲೆಯದು. ಇಲ್ಲಿ ನಾಲ್ಕೆಸಳು, ಎಂಟೆಸಳಿಗೆ ಮನೆಯುಂಟು, ಆರೆಸಳಿಗೆ ಇಲ್ಲ. ಚಿತ್ರದ ಗೆರೆ ಬೀಳುವ ಮೊದಲೇ ಅದರ ಹಂದರ ತೀರ್ಮಾನವಾಗಿರುತ್ತದೆ ಎಂಬ ವಿನ್ಯಾಸದ ಮೊದಲ ಪಾಠ ಇಷ್ಟರಲ್ಲಿಯೇ ಇದೆ.

ಧಾರವಾಡದ ಕಡೆಯ ಕಸೂತಿಯ ಮಾತೂ ಹೀಗೆಯೇ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬವು ಹೊಲಿಗೆಯ ಹೆಸರುಗಳು ಮಾತ್ರವಲ್ಲ. ಗವಂತಿ ಗೆರೆಯನ್ನು ಎಳೆಯುತ್ತದೆ. ಸೂಜಿ ಹೋದ ದಾರಿಯಲ್ಲೇ ಹಿಂತಿರುಗಿ ಬಿಟ್ಟ ಸಂದುಗಳನ್ನು ತುಂಬುವುದರಿಂದ ಬಟ್ಟೆಯ ಎರಡು ಮುಖವೂ ಒಂದೇ ಆಗಿ ಕಾಣುತ್ತದೆ. ಮುರ್ಗಿಯಲ್ಲಿ ಅದೇ ಗೆರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತಿ ಮೈತುಂಬುತ್ತದೆ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆ ಎಣಿಸಿ ಹಾಕಬೇಕು. ಆದ್ದರಿಂದ ಆನೆಯ ಸೊಂಡಿಲಿನ ಬಾಗು ಕೂಡ ನೇರ ಗೆರೆ, ಓರೆ ಗೆರೆಗಳಿಂದಲೇ ಮೂಡಬೇಕು. ರೇಖೆ, ಆಕಾರ ಎಂದು ಶಾಸ್ತ್ರ ವಿಂಗಡಿಸುವುದನ್ನು ಇಲ್ಲಿ ಸೂಜಿಯೇ ವಿಂಗಡಿಸಿ ತೋರಿಸುತ್ತದೆ.

ಹಾಗೆಂದು ಮನೆಯ ಮಾತೇ ಎಲ್ಲಕ್ಕೂ ಸಾಕು, ಶಾಸ್ತ್ರ ಬೇಡ ಎಂದರೆ ಅದೂ ಹಟವೇ ಆಗುತ್ತದೆ. ಶಾಸ್ತ್ರದ ಹಳೆಯ ಪದಗಳಲ್ಲಿಯೂ ಕಣ್ಣು ತೆರೆಸುವಂಥವು ಇವೆ. ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಹೇಳಿದೆ: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಲಾವಣ್ಯ ಎಂಬುದು ಲವಣದಿಂದ ಬಂದ ಪದ. ಸಾರಿನಲ್ಲಿ ಉಪ್ಪು ಬೇರೆಯಾಗಿ ಕಾಣುವುದಿಲ್ಲ; ಕಡಿಮೆಯಾದರೂ ಹೆಚ್ಚಾದರೂ ನಾಲಗೆಗೆ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ‘ಹದ’ ಎನ್ನುವುದಕ್ಕೂ ಇದಕ್ಕೂ ದೂರವೆಷ್ಟು?

ಹೊರಗಿನ ಪದವನ್ನು ತರಲೂ ನಾಚಬೇಕಾಗಿಲ್ಲ. ಅಮೆರಿಕದ ಕಲಾಶಿಕ್ಷಕ ಆರ್ಥರ್ ವೆಸ್ಲಿ ಡೋ 1899ರಲ್ಲಿ ಪ್ರಕಟಿಸಿದ ‘ಕಾಂಪೊಸಿಷನ್’ ಎಂಬ ಪುಸ್ತಕದಲ್ಲಿ ವಿನ್ಯಾಸವನ್ನು ರೇಖೆ, ವರ್ಣ, ಕತ್ತಲೆ–ಬೆಳಕಿನ ಜೋಡಣೆ ಎಂದು ಮೂರಾಗಿ ಕಲಿಸಿದ. ಮೂರನೆಯದಕ್ಕೆ ಜಪಾನಿನ ‘ನೋತಾನ್’ ಎಂಬ ಪದವನ್ನೇ ಇಟ್ಟುಕೊಂಡ. ನಮಗೂ ಈ ತೊಡಕುಂಟು. ಕೆ. ವೆಂಕಟಪ್ಪನವರ (1886–1965) ಊಟಿಯ ನೀರ್ಬಣ್ಣದ ಚಿತ್ರಗಳನ್ನು ನೋಡಿದಾಗ ‘ಬಣ್ಣ ಚೆನ್ನಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಒಂದೇ ನೀಲಿ ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಕ್ಕೆ ಎಷ್ಟು ಮೆಟ್ಟಿಲು ತಿಳಿಯಾಗುತ್ತ ಹೋಗಿ ಮಂಜಾಗುತ್ತದೆ ಎಂಬುದನ್ನು ಎಣಿಸಬೇಕು. ಅಲ್ಲಿ ಬಣ್ಣ ಬೇರೆ, ಬಣ್ಣದ ಛಾಯೆ ಬೇರೆ ಎಂದು ಹೇಳುವ ಪದ ನಿಜವಾಗಿ ಬೇಕಾಗುತ್ತದೆ. ಕೆ. ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳ ಮುಂದೆ ಬೇಕಾಗುವ ಪದ ಇನ್ನೊಂದು. ಕೆಲವೇ ಗೆರೆಗಳಲ್ಲಿ ನರ್ತಿಸುವ ಮೈ ಮೂಡುತ್ತದೆ. ಗೆರೆಗಳ ನಡುವೆ ಬಿಟ್ಟ ಬರಿಯ ಕಾಗದವೇ ಮೈಯಾಗುತ್ತದೆ. ‘ರೇಖೆ ಲಯಬದ್ಧ’ ಎನ್ನುವ ಬದಲು ಗೆರೆ ಎಲ್ಲಿ ನಿಂತಿತು, ಎಲ್ಲಿ ತೆರಪು ಬಿಟ್ಟಿತು ಎಂದು ಹೇಳಿದ ವಿಮರ್ಶಕ ನೋಡಿದವನು.

ಸಮತೋಲ, ಲಯ ಎಂಬ ಎರಡು ಪದಗಳನ್ನು ಒರೆಗೆ ಹಚ್ಚಲು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಗಿಂತ ಒಳ್ಳೆಯ ಸ್ಥಳ ಈ ಸೀಮೆಯಲ್ಲಿಲ್ಲ. 16ನೆಯ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು. ಸುತ್ತಲಿನ ಮೆಟ್ಟಿಲುಗಳು ಅಡ್ಡಗೆರೆಗಳಾಗಿ ಒಂದರ ಕೆಳಗೊಂದು ಇಳಿಯುತ್ತವೆ. ನೀರಿನ ನಡುವಿನ ವಸಂತ ಮಂಟಪ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಏರುತ್ತದೆ. ಇಳಿಯುವ ಕಣ್ಣನ್ನು ಅದು ಮೇಲಕ್ಕೆ ಎತ್ತುತ್ತದೆ. ಮೆಟ್ಟಿಲು ಮಾತ್ರ ಇದ್ದಿದ್ದರೆ ಅದು ಪುನರಾವೃತ್ತಿಯಾಗುತ್ತಿತ್ತು, ಮಂಟಪದಿಂದಾಗಿ ಲಯವಾಯಿತು. ಎಡಬಲಗಳು ಸಮನಾಗಿರುವುದು ಸಮತೋಲದ ಸುಲಭವಾದ ಬಗೆ. ಇಳಿಯುವುದಕ್ಕೆ ಏರುವುದು ಎದುರಾಗಿ ನಿಲ್ಲುವುದು ಕಠಿಣವಾದ ಬಗೆ. ಎರಡನ್ನೂ ಇಲ್ಲಿ ಒಟ್ಟಿಗೆ ಕಾಣಬಹುದು.

1964ರಲ್ಲಿ ದಾವಣಗೆರೆಯಲ್ಲಿ ಚಿತ್ರಕಲಾ ಶಾಲೆ ಆರಂಭವಾದ ಮೇಲೆ ಈ ಸೀಮೆಯ ಮಕ್ಕಳಿಗೆ ಶಾಸ್ತ್ರದ ಪದಗಳು ಹತ್ತಿರವಾದವು. ಅದು ಒಳ್ಳೆಯದೇ ಆಯಿತು. ಆದರೆ ‘ಸಂಯೋಜನೆ’ ಎಂಬ ಪದವನ್ನು ಕಲಿತ ಹುಡುಗ ತನ್ನ ತಾಯಿಯ ಸಂದು ಚುಕ್ಕಿಯೂ ಸಂಯೋಜನೆಯೇ ಎಂಬುದನ್ನು ಮರೆತರೆ ಅವನಿಗೆ ಒಂದು ಪದ ಸಿಕ್ಕಿತು, ಒಂದು ಕಣ್ಣು ಹೋಯಿತು. ಆ ತಾಯಿಯನ್ನು ಕಲಾವಿದೆ ಎಂದು ಯಾರೂ ಕರೆಯದಿರುವುದಕ್ಕೂ ಪದಗಳ ಈ ಜಾತಿಭೇದವೇ ಒಂದು ಕಾರಣ.

ವಿಮರ್ಶಕರಿಂದ ನಾವು ಕೇಳಬೇಕಾದದ್ದು ಹೊಸ ಪಾರಿಭಾಷಿಕ ಕೋಶವನ್ನಲ್ಲ. ಬರೆದ ಪ್ರತಿ ಪದಕ್ಕೂ ಚಿತ್ರದಲ್ಲಿ ಒಂದು ಜಾಗ ತೋರಿಸಿ ಎಂದು ಕೇಳಿದರೆ ಸಾಕು. ವಾಚಕರು ಮುಂದಿನ ಪ್ರದರ್ಶನಕ್ಕೆ ಹೋದಾಗ ಹೆಸರುಚೀಟಿಯನ್ನು ಕೊನೆಗೆ ಓದಲಿ. ಮೊದಲು ಒಂದು ಗೆರೆಯನ್ನು ಆರಿಸಿಕೊಂಡು ಅದು ಹೋದಲ್ಲಿಗೆಲ್ಲ ಹೋಗಿ ಬರಲಿ. ಅಂಗಳದಲ್ಲಿ ರಂಗೋಲಿಯ ಎಳೆಯನ್ನು ಹಿಡಿದು ನಡೆದ ಕಣ್ಣಿಗೆ ಇದು ಹೊಸ ವಿದ್ಯೆಯೇನೂ ಅಲ್ಲ.